ಕೆಮಿಸ್ಟ್ರಿ ಓದಿದವರು ವೈದ್ಯಕೀಯ ಸಂಶೋಧನೆಗೆ: ಓದುಗರ ಪ್ರಶ್ನೆ, ಅಂಕಣದ ಉತ್ತರ

ರಸಾಯನವಿಜ್ಞಾನ ಓದಿದವರು ರೋಗಿಗೆ ಹತ್ತಿರವಾದ ಸಂಶೋಧನೆಗೆ ಹೋಗುವುದು ಹೇಗೆ ಎಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಇತ್ತೀಚೆಗೆ ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ಆರನ್ನು ಆರಿಸಿ, ಈ ಸಂಚಿಕೆಯನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಕೈಬಿಟ್ಟಿದೆ.

ಪ್ರಶ್ನೆ: ನಾನು ಸಾವಯವ ರಸಾಯನವಿಜ್ಞಾನದಲ್ಲಿ ಎಂ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ. ಜೀವವಿಜ್ಞಾನವನ್ನು ಪಿ.ಯು.ಸಿ.ವರೆಗೆ ಮಾತ್ರ ಓದಿದ್ದೇನೆ. ಜನರ ಕಾಯಿಲೆಗೆ ನೇರವಾಗಿ ಉಪಯೋಗವಾಗುವ ‘ಟ್ರಾನ್ಸ್‌ಲೇಷನಲ್’ ಸಂಶೋಧನೆ ಮಾಡಬೇಕೆಂಬ ಆಸೆ ಇದೆ. ಅದು ನಿಖರವಾಗಿ ಏನು? ಅದಕ್ಕಾಗಿ ಬಯೋಟೆಕ್ನಾಲಜಿಯಲ್ಲಿ ಇನ್ನೊಂದು ಎಂ.ಎಸ್ಸಿ. ಮಾಡಬೇಕೆ? (ದಾವಣಗೆರೆ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಎರಡು ವರ್ಷ ಕಳೆದು ಸಾಧಾರಣ ಜೀವವಿಜ್ಞಾನಿಯಾಗುವುದಕ್ಕಿಂತ ಒಳ್ಳೆಯ ರಸಾಯನವಿಜ್ಞಾನಿಯಾಗಿಯೇ ಉಳಿದು, ಅಗತ್ಯವಾದಷ್ಟು ಜೀವವಿಜ್ಞಾನವನ್ನು ಕೆಲಸದ ಜೊತೆಗೇ ಕಲಿಯುವುದು ಮೇಲು. ವೈದ್ಯರು ಮತ್ತು ಜೀವವಿಜ್ಞಾನಿಗಳು ತುಂಬಿರುವ ತಂಡಕ್ಕೆ ನಿಮ್ಮನ್ನು ಸೇರಿಸಿಕೊಳ್ಳುವುದು ಅಣುವನ್ನು ಕಟ್ಟಲು, ಅದರ ಶುದ್ಧತೆಯನ್ನು ಖಚಿತಪಡಿಸಲು, ಅದು ಏಕೆ ಹಾಗೆ ವರ್ತಿಸುತ್ತದೆಂದು ಹೇಳಲು ನಿಮಗೆ ಬರುತ್ತದೆ ಎಂಬ ಕಾರಣಕ್ಕೆ. ಆ ಬಲವನ್ನೇ ಬಿಟ್ಟುಕೊಟ್ಟು ಹೊರಟರೆ ಅಲ್ಲಿ ನಿಮ್ಮಿಂದ ಆಗುವ ಉಪಯೋಗ ಕಡಿಮೆ.

ಇನ್ನು ಮೊದಲ ಪ್ರಶ್ನೆ. ಪ್ರಯೋಗಾಲಯದಲ್ಲಿ ತಿಳಿದುಕೊಂಡದ್ದನ್ನು ರೋಗಿಗೆ ಕೊಡಬಹುದಾದ ಔಷಧವಾಗಿ, ಪರೀಕ್ಷೆಯಾಗಿ ಅಥವಾ ಸಾಧನವಾಗಿ ರೂಪಿಸುವ, ರೋಗಿಯ ಬಳಿ ಕಂಡ ತೊಡಕನ್ನು ಮರಳಿ ಪ್ರಯೋಗಾಲಯದ ಪ್ರಶ್ನೆಯಾಗಿ ಬದಲಿಸುವ ಕೆಲಸಕ್ಕೆ ಈ ಹೆಸರಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2011ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕೇಂದ್ರವೊಂದನ್ನು ತೆರೆದ ಮೇಲೆ ಈ ಮಾತು ಎಲ್ಲೆಡೆ ಇನ್ನಷ್ಟು ಚಾಲ್ತಿಗೆ ಬಂತು. ಕೆಲಸ ಮಾತ್ರ ಅದಕ್ಕಿಂತ ಬಹಳ ಹಳೆಯದು. ಅದರಲ್ಲಿ ರಸಾಯನವಿಜ್ಞಾನಿಯ ಪಾತ್ರವೇನೆಂಬುದು ಒಂದೆರಡು ನಿಜವಾದ ಉದಾಹರಣೆಗಳಿಂದ ಚೆನ್ನಾಗಿ ತಿಳಿಯುತ್ತದೆ.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವವರ ಜೀವಕೋಶಗಳಲ್ಲಿ ಅಸಹಜವಾದ ಚಿಕ್ಕ ವರ್ಣತಂತು ಇರುವುದು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪತ್ತೆಯಾಯಿತು. 9ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅದು ಹುಟ್ಟುತ್ತದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿಯಿಂದ ಉಂಟಾಗುವ, ಎಂದೂ ವಿಶ್ರಮಿಸದ ಕಿಣ್ವವೇ ರೋಗದ ಮೂಲವೆಂದು ಮುಂದೆ ತಿಳಿಯಿತು. ಇಲ್ಲಿಯವರೆಗಿನದು ಜೀವವಿಜ್ಞಾನ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಆಗಿನ ಸೀಬಾ-ಗೈಗಿ ಕಂಪನಿಯಲ್ಲಿ, ಯುರ್ಗ್ ಝಿಮ್ಮರ್‌ಮನ್ ಎಂಬ ರಸಾಯನವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿದ್ದ ಫೀನೈಲ್‌ಅಮೈನೋ ಪಿರಿಮಿಡೀನ್ ಅಣುಗಳು ಮೂಲತಃ ಬೇರೆಯದೇ ಒಂದು ಕಿಣ್ವವನ್ನು ತಡೆಯುತ್ತಿದ್ದವು. ಬೆಂಜೀನ್ ಉಂಗುರದ ಸರಿಯಾದ ಜಾಗದಲ್ಲಿ ಒಂದು ಮೀಥೈಲ್ ಗುಂಪನ್ನು ಸೇರಿಸಿದಾಗ ಬೇಡದ ಕಿಣ್ವದ ಮೇಲಿನ ಪರಿಣಾಮ ಹೋಗಿ ಬೇಕಾದದ್ದು ಉಳಿಯಿತು. ಆದರೂ ಅಣು ನೀರಿನಲ್ಲಿ ಕರಗುತ್ತಿರಲಿಲ್ಲ, ಮಾತ್ರೆಯಾಗಿ ನುಂಗಿದರೆ ರಕ್ತಕ್ಕೆ ಸೇರುತ್ತಿರಲಿಲ್ಲ. ಇನ್ನೊಂದು ತುದಿಗೆ ಎನ್-ಮೀಥೈಲ್ ಪೈಪರಜೀನ್ ಜೋಡಿಸಿದಾಗ ಆ ತೊಂದರೆಯೂ ನೀಗಿತು. ಆರೆಗಾನ್‌ನ ವೈದ್ಯ ಬ್ರಯನ್ ಡ್ರುಕರ್ ಅದನ್ನು 1998ರಲ್ಲಿ ರೋಗಿಗಳಿಗೆ ಕೊಡಲು ಆರಂಭಿಸಿದರು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ಇಮಾಟಿನಿಬ್. ಎಂ.ಎಸ್ಸಿ. ಎರಡನೆಯ ಸೆಮಿಸ್ಟರಿನವರಿಗೂ ಪರಿಚಿತವಾದ ಎರಡು ಗುಂಪುಗಳು, ಒಂದು ಮೀಥೈಲ್ ಮತ್ತೊಂದು ಪೈಪರಜೀನ್, ಪ್ರಯೋಗಾಲಯದ ಪುಡಿಯನ್ನು ಔಷಧವಾಗಿಸಿದವು ಎಂಬುದನ್ನು ಗಮನಿಸಿ.

ಎರಡನೆಯ ಉದಾಹರಣೆ ನಮ್ಮ ಬೆಂಗಳೂರಿನದು, ನನ್ನ ಮಟ್ಟಿಗೆ ಹೆಚ್ಚು ಬೋಧಪ್ರದವಾದದ್ದು. ಆರ್ಗನೋಫಾಸ್ಫೇಟ್ ಕೀಟನಾಶಕಗಳು ಸಿಂಪಡಿಸುವವರ ಚರ್ಮದ ಮೂಲಕ ಒಳಸೇರಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತವೆ. ಆಗ ನರ ಮತ್ತು ಸ್ನಾಯುಗಳ ನಡುವಿನ ಸಂಕೇತ ನಿಲ್ಲದೆ ಹರಿದು ನಡುಕ, ಉಸಿರುಗಟ್ಟುವಿಕೆ, ಕೆಲವೊಮ್ಮೆ ಸಾವೂ ಸಂಭವಿಸುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಜೊತೆಗೆ ಕೊಡುವ ಪ್ರಾಲಿಡಾಕ್ಸಿಮ್ ‘ಆಕ್ಸಿಮ್’ ಎಂಬ ರಾಸಾಯನಿಕ ಗುಂಪಿರುವ ಅಣು; ಅದು ವಿಷದ ಫಾಸ್ಫರಸ್ ಮೇಲೆ ದಾಳಿ ಮಾಡಿ ಕಿಣ್ವವನ್ನು ಬಿಡಿಸುತ್ತದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ರಸಾಯನವಿಜ್ಞಾನಿ ಪ್ರವೀಣ್ ವೇಮುಲ ಅವರ ತಂಡ ಇದೇ ರಾಸಾಯನಿಕ ಕ್ರಿಯೆಯನ್ನು ವಿಷ ದೇಹದ ಒಳಗೆ ಹೋಗುವ ಮೊದಲೇ ನಡೆಸಲು ಮುಂದಾಯಿತು. ಆಕ್ಸಿಮ್ ಗುಂಪುಗಳನ್ನು ಹೊತ್ತ, ಚರ್ಮಕ್ಕೆ ಹಚ್ಚುವ ಜೆಲ್ ಒಂದನ್ನು ಅವರು 2018ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಅದು ವಿಷವನ್ನು ಚರ್ಮದ ಮೇಲೆಯೇ ಒಡೆದುಹಾಕಿತು. ಮುಂದೆ ಅದೇ ಗುಣವನ್ನು ಹತ್ತಿ ಬಟ್ಟೆಗೆ ಕೂಡಿಸಿದರು. 2024ರ ಡಿಸೆಂಬರ್‌ನಲ್ಲಿ ‘ಕಿಸಾನ್ ಕವಚ್’ ಎಂಬ ಉಡುಪಾಗಿ ಅದು ಹೊರಬಂತು. ಬಿಸಿಲಿನಲ್ಲಿ ಔಷಧಿ ಹೊಡೆಯುವ ರೈತ ಸೆಕೆಗೆ ರಬ್ಬರ್ ಕೈಗವಸು ಹಾಕುವುದಿಲ್ಲ, ಆದರೆ ಅಂಗಿಯನ್ನಂತೂ ತೊಡುತ್ತಾನೆ. ಈ ಸರಳ ಸಂಗತಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಯಾವ ರಾಸಾಯನಿಕ ಗುಂಪು ಎಲ್ಲಿರಬೇಕೆಂಬುದು ನಿರ್ಧಾರವಾಗುತ್ತದೆ. ಇಲ್ಲಿ ಬಳಕೆಯಾದ ಕ್ರಿಯೆ ಪಠ್ಯಪುಸ್ತಕದಲ್ಲಿರುವಂಥದ್ದೇ. ಪ್ರಶ್ನೆಯನ್ನು ಹೊಲದ ಕಡೆಯಿಂದ ಕೇಳಿದ್ದರಲ್ಲಿ ಹೊಸತನವಿದೆ.

ಹಾಗಾದರೆ ಜೀವವಿಜ್ಞಾನವನ್ನು ಎಷ್ಟು ಕಲಿಯಬೇಕು? ಔಷಧವೊಂದು ದೇಹಕ್ಕೆ ಹೇಗೆ ಸೇರುತ್ತದೆ, ಎಲ್ಲೆಲ್ಲಿ ಹರಡುತ್ತದೆ, ಯಕೃತ್ತು ಅದನ್ನು ಏನು ಮಾಡುತ್ತದೆ, ಹೇಗೆ ಹೊರಹೋಗುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಗಟ್ಟಿಯಾಗಿ ಕಲಿತರೆ ಆರಂಭಕ್ಕೆ ಸಾಕು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡೀನ್‌ನ ಕಥೆಯನ್ನು ಓದಿಕೊಳ್ಳಿ. ಸಾಮಾನ್ಯವಾಗಿ ಯಕೃತ್ತಿನ ಒಂದು ಕಿಣ್ವ ಅದನ್ನು ಬೇಗನೆ ಆಮ್ಲರೂಪದ ಬೇರೊಂದು ಅಣುವಾಗಿ ಬದಲಿಸುತ್ತಿತ್ತು, ಅಲರ್ಜಿಗೆ ಕೆಲಸ ಮಾಡುತ್ತಿದ್ದದ್ದು ಆ ಎರಡನೆಯ ಅಣುವೇ. ರೋಗಿ ಅದರ ಜೊತೆಗೆ ಎರಿತ್ರೋಮೈಸಿನ್ ಅಥವಾ ಕೀಟೊಕೊನಜೋಲ್ ತೆಗೆದುಕೊಂಡರೆ ಆ ಕಿಣ್ವ ತಡೆಗೊಂಡು, ಮೂಲ ಅಣು ರಕ್ತದಲ್ಲಿ ಶೇಖರವಾಗಿ, ಹೃದಯದ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿ ಬಡಿತವನ್ನು ಅಪಾಯಕರವಾಗಿ ಏರುಪೇರು ಮಾಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಟರ್ಫೆನಡೀನ್ ಮಾರುಕಟ್ಟೆಯಿಂದ ಹೋಯಿತು. ಅದರ ಜಾಗಕ್ಕೆ ಬಂದ ಆಮ್ಲರೂಪದ ಅಣುವೇ ಇಂದು ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಫೆಕ್ಸೊಫೆನಡೀನ್. ಇದೊಂದು ಕಥೆಯನ್ನು ರಚನಾಸೂತ್ರಗಳ ಸಮೇತ ಅರ್ಥಮಾಡಿಕೊಂಡ ವಿದ್ಯಾರ್ಥಿ ಸಂದರ್ಶನದಲ್ಲಿ ಜೀವವಿಜ್ಞಾನದ ಪ್ರಶ್ನೆಗೆ ಹೆದರಬೇಕಾಗಿಲ್ಲ.

ದಾರಿಗಳ ವಿಷಯ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಅನ್ನು ರಸಾಯನವಿಜ್ಞಾನದಲ್ಲೇ ಬರೆಯಿರಿ. ಗೇಟ್ ಕೂಡ ಬರೆಯಿರಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್.ಸಿ.ಬಿ.ಎಸ್.), ಇನ್‌ಸ್ಟೆಮ್‌ನಂಥ ಸಂಸ್ಥೆಗಳು ಜೀವವಿಜ್ಞಾನ ಓದದವರನ್ನೂ ಪರಿಗಣಿಸುತ್ತವೆ, ಜೆಗೀಬಿಲ್ಸ್ ಎಂಬ ಪ್ರವೇಶ ಪರೀಕ್ಷೆ ಅದಕ್ಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮತ್ತು ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರಾಸಾಯನಿಕ ಜೀವವಿಜ್ಞಾನದ ಪ್ರಯೋಗಾಲಯಗಳಿವೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ 1951ರಿಂದ ಈ ಕೆಲಸದಲ್ಲೇ ಇದೆ. ‘ಸಹೇಲಿ’ ಎಂಬ ಹೆಸರಿನಲ್ಲಿ ಬಂದ ಹಾರ್ಮೋನ್‌ರಹಿತ ಗರ್ಭನಿರೋಧಕ ಮಾತ್ರೆ ಅಲ್ಲಿಯದು, ರಸಾಯನವಿಜ್ಞಾನಿ ನಿತ್ಯಾನಂದ್ ಅದರ ಹಿಂದಿದ್ದ ಪ್ರಮುಖರು. ಆದರೆ ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ. ಅವರ ಇತ್ತೀಚಿನ ಲೇಖನಗಳಲ್ಲಿ ಆಸ್ಪತ್ರೆಯ ವೈದ್ಯರೊಬ್ಬರು ಸಹಲೇಖಕರಾಗಿದ್ದಾರೆಯೇ, ರೋಗಿಗಳ ರಕ್ತ ಅಥವಾ ಅಂಗಾಂಶದ ಮಾದರಿಗಳು ಅವರ ಪ್ರಯೋಗಾಲಯಕ್ಕೆ ನಿಜವಾಗಿ ಬರುತ್ತವೆಯೇ ಎಂದು ಪರಿಶೀಲಿಸಿ. ‘ಟ್ರಾನ್ಸ್‌ಲೇಷನಲ್’ ಎಂಬ ಪದ ವೆಬ್‌ಸೈಟಿನಲ್ಲಿದ್ದ ಮಾತ್ರಕ್ಕೆ ನಂಬಬೇಡಿ, ಇಂದು ಅದು ಎಲ್ಲರ ವೆಬ್‌ಸೈಟಿನಲ್ಲೂ ಇದೆ.

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕೆಲವು ಹೊಸ ಪೈರಜೋಲ್ ಮತ್ತು ರೊಡಾನೀನ್ ಸಂಯುಕ್ತಗಳನ್ನು ತಯಾರಿಸಿ ಎಂ.ಟಿ.ಟಿ. ಪರೀಕ್ಷೆ ಮಾಡಿಸಿದಾಗ ಎರಡು ಸಂಯುಕ್ತಗಳು ಸ್ತನ ಕ್ಯಾನ್ಸರ್ ಕೋಶಗಳನ್ನು ಅತ್ಯಲ್ಪ ಪ್ರಮಾಣದಲ್ಲೇ ಕೊಲ್ಲುವುದು ಕಂಡುಬಂತು. ಅಣು ಪ್ರೋಟೀನಿನಲ್ಲಿ ಹೇಗೆ ಕೂರಬಹುದೆಂದು ಕಂಪ್ಯೂಟರಿನಲ್ಲಿ ಅಂದಾಜಿಸುವ ಡಾಕಿಂಗ್‌ನ ಫಲಿತಾಂಶವೂ ಚೆನ್ನಾಗಿದೆ. ಇದನ್ನು ಔಷಧವಾಗಿಸಲು ಮುಂದೇನು ಮಾಡಬೇಕು? (ಕಲಬುರಗಿ)

ಉತ್ತರ: ನಿಮ್ಮ ಉತ್ಸಾಹಕ್ಕೆ ಭಂಗ ತರುವುದು ನನ್ನ ಉದ್ದೇಶವಲ್ಲ, ಆದರೆ ಮುಂದಕ್ಕೆ ಹೋಗುವ ಮೊದಲು ಕೆಲವು ಹೆಜ್ಜೆ ಹಿಂದಕ್ಕೆ ಇಡಬೇಕಾಗುತ್ತದೆ. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವಲ್ಲ. ಆರೋಗ್ಯವಂತ ಕೋಶವನ್ನು ಕೊಲ್ಲದೆ ಅದನ್ನು ಮಾತ್ರ ಕೊಲ್ಲುವುದು ಕಷ್ಟ. ಆದ್ದರಿಂದ ಅದೇ ಸಂಯುಕ್ತವನ್ನು ಕ್ಯಾನ್ಸರ್ ಅಲ್ಲದ ಕೋಶಗಳ ಮೇಲೂ, ಈಗಾಗಲೇ ಬಳಕೆಯಲ್ಲಿರುವ ಔಷಧವೊಂದರ ಪಕ್ಕದಲ್ಲಿಟ್ಟು, ಒಂದೇ ದಿನ ಒಂದೇ ಪರಿಸ್ಥಿತಿಯಲ್ಲಿ ಪರೀಕ್ಷಿಸಿದ್ದೀರಾ ಎಂಬುದು ಮೊದಲ ಪ್ರಶ್ನೆ.

ಎರಡನೆಯದು ನಿಮ್ಮದೇ ವಿಷಯಕ್ಕೆ ಸೇರಿದ್ದು. ಎಂ.ಟಿ.ಟಿ. ಪರೀಕ್ಷೆ ನೇರವಾಗಿ ಕೋಶದ ಸಾವನ್ನು ಅಳೆಯುವುದಿಲ್ಲ. ಬದುಕಿರುವ ಕೋಶಗಳು ಹಳದಿ ಟೆಟ್ರಜೋಲಿಯಂ ಲವಣವನ್ನು ನೇರಳೆ ಬಣ್ಣದ ಫಾರ್ಮಜಾನ್ ಆಗಿ ಅಪಕರ್ಷಿಸುವುದನ್ನು, ಬೆಳಕಿನ ಹೀರಿಕೆಯ ಮೂಲಕ ಅದು ಅಳೆಯುತ್ತದೆ. ನಿಮ್ಮ ಸಂಯುಕ್ತಕ್ಕೇ ಗಾಢ ಬಣ್ಣವಿದ್ದರೆ, ಅಥವಾ ಅದರಲ್ಲಿ ಥಯೋಲ್‌ನಂಥ ಅಪಕರ್ಷಕ ಗುಂಪಿದ್ದರೆ, ಅಥವಾ ಅದು ಮಾಧ್ಯಮದಲ್ಲಿ ಕರಗದೆ ಕಣಗಳಾಗಿ ಬಿದ್ದರೆ, ಕೋಶಗಳಿಗೆ ಏನಾಯಿತೆಂಬುದಕ್ಕೂ ಅಂಕಿಗೂ ಸಂಬಂಧವಿಲ್ಲದೆ ಹೋಗಬಹುದು. ಪರೀಕ್ಷಾ ತಟ್ಟೆಯ ಕೋಶಗಳಿಲ್ಲದ ಗುಣಿಗಳಲ್ಲಿ ಸಂಯುಕ್ತವನ್ನೂ ಎಂ.ಟಿ.ಟಿ.ಯನ್ನೂ ಮಾತ್ರ ಹಾಕಿ ನೋಡುವ ನಿಯಂತ್ರಣ ಪ್ರಯೋಗ ಅಗ್ಗದ್ದು, ಮುಖ್ಯವಾದದ್ದು, ಅನೇಕ ಪ್ರಬಂಧಗಳಲ್ಲಿ ಕಾಣದೇ ಹೋಗುವಂಥದ್ದು. ಹೊರಗಿನ ಲ್ಯಾಬಿಗೆ ದುಡ್ಡು ಕೊಟ್ಟು ಕಳಿಸಿ, ಬಂದ ಕೋಷ್ಟಕವನ್ನು ಹಾಗೆಯೇ ಪ್ರಬಂಧಕ್ಕೆ ಅಂಟಿಸುವ ಪದ್ಧತಿಯಿಂದ ಇಂಥ ತೊಡಕುಗಳು ಎಂದಿಗೂ ಕಣ್ಣಿಗೆ ಬೀಳುವುದಿಲ್ಲ. ಸಾಧ್ಯವಾದರೆ ಒಂದು ವಾರವಾದರೂ ಆ ಲ್ಯಾಬಿನಲ್ಲಿ ನೀವೇ ಕುಳಿತು ಪರೀಕ್ಷೆ ಮಾಡಿ.

ಮೂರನೆಯದು ರೊಡಾನೀನ್. 2010ರಲ್ಲಿ ಆಸ್ಟ್ರೇಲಿಯಾದ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ ಅವರು, ಹೋದ ಪರೀಕ್ಷೆಯಲ್ಲೆಲ್ಲ ‘ಸಕ್ರಿಯ’ ಎಂದು ತೋರಿಸಿಕೊಂಡು ಕೊನೆಗೆ ಎಲ್ಲೂ ಔಷಧವಾಗದ ರಚನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದನ್ನು ಸಂಕ್ಷೇಪವಾಗಿ ‘ಪೇನ್ಸ್’ ಎನ್ನುತ್ತಾರೆ. ರೊಡಾನೀನ್, ಕ್ವಿನೋನ್, ಕೆಟೆಕಾಲ್ ಮುಂತಾದವು ಅದರಲ್ಲಿವೆ. ಪ್ರೋಟೀನಿನಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸಿಕ್ಕಲ್ಲೆಲ್ಲ ಅಂಟಿಕೊಳ್ಳುವುದು, ಬೆಳಕನ್ನು ಹೀರುವುದು, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವುದು ಇತ್ಯಾದಿ ಕಾರಣಗಳಿಂದ ಅವು ಮೋಸಮಾಡುತ್ತವೆ. ನಮ್ಮ ಅಡುಗೆಮನೆಯ ಅರಿಶಿನದ ಕರ್ಕ್ಯುಮಿನ್ ಕೂಡ ಇದೇ ಗುಂಪಿನದು. ರಕ್ತದ ಪಿ.ಎಚ್.ನ ಬಫರ್ ದ್ರಾವಣದಲ್ಲಿ ಅದರ ಬಹುಭಾಗ ಅರ್ಧ ಗಂಟೆಯೊಳಗೆ ಒಡೆದುಹೋಗುತ್ತದೆ; ನೂರಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದರೂ ಕಟ್ಟುನಿಟ್ಟಾದ ಟ್ರಯಲ್ ಒಂದರಲ್ಲೂ ಅದು ಗೆದ್ದಿಲ್ಲವೆಂದು 2017ರ ವಿಮರ್ಶಾ ಲೇಖನವೊಂದು ತೋರಿಸಿತು. ಆದ್ದರಿಂದ ರೊಡಾನೀನ್‌ಗಳನ್ನು ಬದಿಗಿಟ್ಟು ಪೈರಜೋಲ್‌ಗಳ ಮೇಲೆ ಗಮನವಿಡಿ ಎಂಬುದು ನನ್ನ ಸಲಹೆ.

ಕೋಶಗಳ ಗುರುತನ್ನೂ ಖಚಿತಪಡಿಸಿಕೊಳ್ಳಿ. ಎಂ.ಡಿ.ಎ.-ಎಂ.ಬಿ.-435 ಎಂಬ ಕೋಶಸಾಲನ್ನು ಸ್ತನ ಕ್ಯಾನ್ಸರಿನದೆಂದು ವರ್ಷಗಟ್ಟಲೆ ಬಳಸಿದ ಮೇಲೆ ಅದು ಚರ್ಮದ ಮೆಲನೋಮಾದ ಕೋಶವೆಂದು ತಿಳಿಯಿತು. ಡಾಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪ್ರೋಟೀನಿಗೆ ಅಣು ನಿಜವಾಗಿ ಅಂಟುತ್ತದೆಂದು ಪ್ರಯೋಗದಿಂದ ತೋರಿಸುವವರೆಗೆ ಅದೊಂದು ಚಿತ್ರ ಮಾತ್ರ.

ಇಷ್ಟೆಲ್ಲ ದಾಟಿದ ಮೇಲೂ ಸಂಯುಕ್ತ ಉಳಿದರೆ ಮುಂದಿನ ಕೆಲಸ ನಿಜಕ್ಕೂ ಆಸಕ್ತಿದಾಯಕ. ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರದಲ್ಲಿ ಶುದ್ಧತೆ ಕನಿಷ್ಠ ಶೇ. 95 ಇದೆಯೆಂದು ತೋರಿಸಿ. ನೀರಿನಲ್ಲಿ ಎಷ್ಟು ಕರಗುತ್ತದೆ, ಯಕೃತ್ತಿನ ಮೈಕ್ರೋಸೋಮ್‌ಗಳಲ್ಲಿ (ಔಷಧ ಒಡೆಯುವ ಕಿಣ್ವಗಳಿರುವ ಕೋಶದ ತುಣುಕುಗಳಲ್ಲಿ) ಎಷ್ಟು ಹೊತ್ತು ಉಳಿಯುತ್ತದೆ, ಪ್ಲಾಸ್ಮಾ ಪ್ರೋಟೀನ್‌ಗಳಿಗೆ ಎಷ್ಟು ಅಂಟುತ್ತದೆ ಎಂದು ಅಳೆಯಿರಿ. ಅದೇ ಸಂಯುಕ್ತದ ನಾಲ್ಕಾರು ಸಣ್ಣ ಮಾರ್ಪಾಡುಗಳನ್ನು ಮಾಡಿ, ಯಾವ ಗುಂಪನ್ನು ತೆಗೆದರೆ ಪರಿಣಾಮ ಹೋಗುತ್ತದೆಂದು ತೋರಿಸಿ. ಪೇಟೆಂಟ್ ಪಡೆಯುವ ಯೋಚನೆಯಿದ್ದರೆ ಲೇಖನ ಪ್ರಕಟಿಸುವ ಮೊದಲೇ ಅರ್ಜಿ ಸಲ್ಲಿಸಬೇಕು. ಪ್ರಕಟವಾದ ಮೇಲೆ ಅದು ಸಾಮಾನ್ಯವಾಗಿ ಹೊಸದೆನಿಸಿಕೊಳ್ಳುವುದಿಲ್ಲ. ತಿಳಿದ ಅಣುವಿನ ಹೊಸ ರೂಪಕ್ಕೆ ನಮ್ಮಲ್ಲಿ ಸುಲಭವಾಗಿ ಪೇಟೆಂಟ್ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮೇಲೆ ಹೇಳಿದ ಇಮಾಟಿನಿಬ್‌ನ ಒಂದು ಹರಳುರೂಪಕ್ಕೆ ಕೇಳಿದ್ದ ಪೇಟೆಂಟನ್ನು ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು.

ಇವುಗಳಲ್ಲಿ ಯಾವುದೋ ಹಂತದಲ್ಲಿ ಸಂಯುಕ್ತ ಬಿದ್ದುಹೋಗುವ ಸಾಧ್ಯತೆಯೇ ಹೆಚ್ಚು. ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದ ಔಷಧಗಳಲ್ಲೇ ಸುಮಾರು ಹತ್ತಕ್ಕೆ ಒಂಬತ್ತು ಅನುಮತಿ ಪಡೆಯದೆ ನಿಲ್ಲುತ್ತವೆ. ಆದರೆ ಏಕೆ ಬಿತ್ತೆಂದು ಸರಿಯಾಗಿ ಅಳೆದು ಬರೆದ ಪಿಎಚ್.ಡಿ. ಪ್ರಬಂಧಕ್ಕೆ ಔಷಧ ಸಂಶೋಧನೆಯ ಕಂಪನಿಗಳಲ್ಲಿ ಬೆಲೆಯಿದೆ, ಮೂವತ್ತು ಸಂಯುಕ್ತಗಳ ಕೋಷ್ಟಕಕ್ಕೆ ಅಷ್ಟಿಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ಗುತ್ತಿಗೆ ಸಂಶೋಧನಾ ಕಂಪನಿಯಲ್ಲಿ ನಾಲ್ಕು ವರ್ಷಗಳಿಂದ ಸಿಂಥೆಟಿಕ್ ಕೆಮಿಸ್ಟ್ ಆಗಿದ್ದೇನೆ. ಬೆಳಿಗ್ಗೆ ರಿಯಾಕ್ಷನ್ ಹಾಕುವುದು, ಸಂಜೆ ಬಂದದ್ದನ್ನು ಕಾಲಂನಲ್ಲಿ ಶುದ್ಧೀಕರಿಸುವುದು. ನಾನು ಮಾಡುವ ಅಣು ಯಾವ ಕಾಯಿಲೆಗೆ ಎಂಬುದೂ ನಮಗೆ ಹೇಳುವುದಿಲ್ಲ. ಪಿಎಚ್.ಡಿ. ಇಲ್ಲ. ರೋಗಿಗೆ ಹತ್ತಿರದ ಕೆಲಸಕ್ಕೆ ಹೋಗಲು ದಾರಿ ಇದೆಯೇ? (ಬೊಮ್ಮಸಂದ್ರ)

ಉತ್ತರ: ಕಾಯಿಲೆಯ ಹೆಸರು ಹೇಳದಿರುವುದು ನಿಮ್ಮ ಮೇಲಿನ ಅಪನಂಬಿಕೆಯಲ್ಲ, ಅಣು ಗ್ರಾಹಕ ಕಂಪನಿಯ ಸ್ವತ್ತು, ಒಪ್ಪಂದವೇ ಹಾಗಿರುತ್ತದೆ. ಆದರೆ ನಿಮ್ಮ ಬೇಸರ ನ್ಯಾಯವಾದದ್ದು.

ಪಿಎಚ್.ಡಿ. ಇಲ್ಲದವರ ಮಾತು ಬಂದಾಗ ಗರ್ಟ್ರೂಡ್ ಎಲಿಯನ್ ಹೆಸರನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ರಸಾಯನವಿಜ್ಞಾನದ ಪದವಿ ಪಡೆದ ಆಕೆಗೆ ಹೆಣ್ಣೆಂಬ ಕಾರಣಕ್ಕೆ ಸಂಶೋಧನೆಯ ಕೆಲಸ ಸಿಗಲಿಲ್ಲ. ಆಹಾರ ಕಂಪನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿ ಅಳೆಯುವ ಕೆಲಸವನ್ನೂ ಮಾಡಿದರು. ಎಂ.ಎಸ್ಸಿ. ಮುಗಿಸಿ 1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿಗೆ ಸೇರಿದರು. ಸಂಜೆಯ ಪಿಎಚ್.ಡಿ. ಮುಂದುವರಿಸಬೇಕಾದರೆ ಕೆಲಸ ಬಿಡಬೇಕೆಂದಾಗ ಕೆಲಸವನ್ನೇ ಉಳಿಸಿಕೊಂಡರು. ರಕ್ತಕ್ಯಾನ್ಸರಿಗೆ ಮರ್ಕ್ಯಾಪ್ಟೊಪ್ಯೂರೀನ್, ಅಂಗಾಂಗ ಕಸಿಗೆ ಅಜಥಯೋಪ್ರಿನ್, ಹರ್ಪಿಸ್‌ಗೆ ಅಸೈಕ್ಲೊವಿರ್ ಆಕೆಯಿಂದ, ಆಕೆಯ ತಂಡದಿಂದ ಬಂದವು. 1988ರಲ್ಲಿ ನೊಬೆಲ್ ಬಂತು. ಗಮನಿಸಬೇಕಾದದ್ದು, ಆಕೆ ರಸಾಯನಶಾಲೆಯಲ್ಲೇ ನಿಲ್ಲದೆ ಜೀವರಸಾಯನ, ಔಷಧವಿಜ್ಞಾನ, ಪ್ರತಿರಕ್ಷಣೆ ಎಂದು ಅಣುವಿನ ಹಿಂದೆಯೇ ಹೋದರು; ಹಾಗೆ ಹೋಗಲು ಮೇಲಿನವರಾದ ಜಾರ್ಜ್ ಹಿಚಿಂಗ್ಸ್ ಬಿಟ್ಟರು. ಎಚ್ಚರಿಕೆ ಏನೆಂದರೆ, ಇಂದಿನ ವಿಶ್ವವಿದ್ಯಾಲಯ ಅಥವಾ ಸರ್ಕಾರಿ ಸಂಸ್ಥೆಯಲ್ಲಿ ಸ್ವತಂತ್ರವಾಗಿ ತಂಡ ನಡೆಸಲು ಪಿಎಚ್.ಡಿ. ಬೇಕೇ ಬೇಕು.

ನಿಮ್ಮ ಮುಂದೆ ಎರಡು ದಾರಿಗಳಿವೆ. ಕಂಪನಿಯ ಒಳಗೇ ದೇಹದಲ್ಲಿ ಔಷಧದ ಗತಿಯನ್ನು ನೋಡುವ ಡಿ.ಎಂ.ಪಿ.ಕೆ. ಅಥವಾ ಬಯೋಅನಲಿಟಿಕಲ್ ವಿಭಾಗಕ್ಕೆ ವರ್ಗ ಕೇಳುವುದು ಮೊದಲನೆಯದು. ಪ್ರಾಣಿಗಳ ಅಥವಾ ಸ್ವಯಂಸೇವಕರ ರಕ್ತದಲ್ಲಿ ಔಷಧ ಎಷ್ಟಿದೆ, ಯಾವ ಅಣುವಾಗಿ ಬದಲಾಗಿದೆ ಎಂದು ಅಣುಗಳನ್ನು ಬೇರ್ಪಡಿಸಿ ಅವುಗಳ ದ್ರವ್ಯರಾಶಿ ಹೇಳುವ ಎಲ್‌ಸಿ-ಎಂಎಸ್ ಯಂತ್ರದಲ್ಲಿ ಅಳೆಯುವ ಕೆಲಸ ಅದು. ರಚನೆ ಓದಬಲ್ಲ ಕೆಮಿಸ್ಟ್‌ಗೆ ಅಲ್ಲಿ ಮೇಲುಗೈ ಇರುತ್ತದೆ, ಏಕೆಂದರೆ ದ್ರವ್ಯರಾಶಿಗೆ 16 ಸೇರಿದ್ದು ಕಂಡರೆ ಆಮ್ಲಜನಕ ಎಲ್ಲಿ ಸೇರಿರಬಹುದೆಂದು ಆತನಿಗೆ ಹೊಳೆಯುತ್ತದೆ. ಒಂದೆರಡು ವರ್ಷದಲ್ಲಿ ಔಷಧವನ್ನು ನೋಡುವ ರೀತಿಯೇ ಬದಲಾಗುತ್ತದೆ. ಎರಡನೆಯದು ಪಿಎಚ್.ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯೋಗದಲ್ಲಿರುವವರಿಗೆ ಬಾಹ್ಯ ನೋಂದಣಿಯ ವ್ಯವಸ್ಥೆ ಇದೆ, ಆದರೆ ಕಂಪನಿಯ ಒಪ್ಪಿಗೆ ಬೇಕು. ಕೆಲಸ ಬಿಟ್ಟು ಹೋಗುವುದಾದರೆ ಹಣದ ಲೆಕ್ಕವನ್ನು ಮೊದಲೇ ಹಾಕಿ: 2023ರ ಪರಿಷ್ಕರಣೆಯಂತೆ ಕಿರಿಯ ಸಂಶೋಧನಾ ಫೆಲೋಶಿಪ್ (ಜೆ.ಆರ್.ಎಫ್.) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ ಹಿರಿಯ ಫೆಲೋಶಿಪ್ (ಎಸ್.ಆರ್.ಎಫ್.) 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಅದು ಸಕಾಲಕ್ಕೆ ಬಾರದೆ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಮನೆಯ ಸಾಲದ ಕಂತು ಇರುವವರು ಮೊದಲ ದಾರಿಯಿಂದಲೇ ಆರಂಭಿಸುವುದು ಕ್ಷೇಮ.

ಪ್ರಶ್ನೆ: ನಮ್ಮ ಮಗಳು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ಎಂ.ಬಿ.ಬಿ.ಎಸ್. ಓದದವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ? (ಶಿರಸಿ)

ಉತ್ತರ: ಬಹಳಷ್ಟು ಕೆಲಸವಿದೆ, ಅದರಲ್ಲೂ ಅಳೆಯುವ ಕೆಲಸ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ವೈದ್ಯಕೀಯ ಓದಿದವರಾದರೂ ಮೊದಲು ಹೆಸರು ಮಾಡಿದ್ದು ರಕ್ತ ಮತ್ತು ಮೂತ್ರದಲ್ಲಿನ ಫಾಸ್ಫರಸ್ಸನ್ನು ಬಣ್ಣದ ಮೂಲಕ ಅಳೆಯುವ ವಿಧಾನದಿಂದ. ಸಹೋದ್ಯೋಗಿ ಫಿಸ್ಕ್ ಅವರೊಡನೆ 1925ರಲ್ಲಿ ಪ್ರಕಟಿಸಿದ ಆ ವಿಧಾನವೇ ಸ್ನಾಯುವಿನಲ್ಲಿ ಶಕ್ತಿಯನ್ನು ಕೂಡಿಡುವ ಫಾಸ್ಫೋಕ್ರಿಯಾಟೀನ್ ಇರುವುದನ್ನು ಕಾಣಿಸಿತು. ನಮ್ಮ ರಾಜ್ಯದ ಮಟ್ಟಿಗೆ, ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳ ದೋಷವನ್ನು ಹುಡುಕುವ ಕಾರ್ಯಕ್ರಮ 1980ರಲ್ಲೇ ಆರಂಭವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನವಿಜ್ಞಾನಿ ಎನ್. ಅಪ್ಪಾಜಿ ರಾವ್ ಅದರಲ್ಲಿದ್ದರು. 1990ರಲ್ಲಿ ಡೇವಿಡ್ ಮಿಲಿಂಗ್ಟನ್ ಎಂಬ ರಸಾಯನವಿಜ್ಞಾನಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅಣುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿಯನ್ನು ಇದಕ್ಕೆ ಬಳಸುವ ಹಾದಿ ತೋರಿಸಿದರು. ಮಗುವಿನ ಹಿಮ್ಮಡಿಯಿಂದ ಕಾಗದದ ಮೇಲೆ ಒತ್ತಿಕೊಂಡ ಕೆಲವೇ ಹನಿ ರಕ್ತದಿಂದ ಹತ್ತಾರು ಚಯಾಪಚಯ ರೋಗಗಳನ್ನು ಒಮ್ಮೆಲೇ ಗುರುತಿಸಲು ಇಂದು ಸಾಧ್ಯವಾಗಿದೆ.

ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಗಳಲ್ಲಿ, ಮಣಿಪಾಲದಲ್ಲಿ ವೈದ್ಯರಲ್ಲದ ಸಂಶೋಧಕರು ಕೆಲಸ ಮಾಡುತ್ತಿದ್ದಾರೆ. ಅವರಿಗೆ ಇರುವ ಮಿತಿ ಸ್ಪಷ್ಟ: ರೋಗಿಗೆ ಔಷಧ ಕೊಡುವುದು, ಆತನ ಚಿಕಿತ್ಸೆಯ ನಿರ್ಧಾರ ಮಾಡುವುದು ವೈದ್ಯರ ಹೊಣೆ. ರೋಗಿಯ ಒಂದು ಹನಿ ರಕ್ತವನ್ನು ಸಂಶೋಧನೆಗೆ ಬಳಸಲೂ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಹೊಸ ಔಷಧದ ಪ್ರಯೋಗಗಳು 2019ರ ನಿಯಮಗಳ ಪ್ರಕಾರವೇ ನಡೆಯಬೇಕು. ಮಗಳು ಈಗ ಅನಲಿಟಿಕಲ್ ಕೆಮಿಸ್ಟ್ರಿಯನ್ನೂ ಸಂಖ್ಯಾಶಾಸ್ತ್ರವನ್ನೂ ಗಂಭೀರವಾಗಿ ಓದಲಿ; ಬೇಸಿಗೆ ರಜೆಯಲ್ಲಿ ಯಾವುದಾದರೂ ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಕೆಲವು ವಾರ ನಿಂತು ನೋಡಲಿ. ಅದು ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಪಿಎಚ್.ಡಿ. ಮುಗಿಸಿ ಸ್ವಂತ ಸ್ಟಾರ್ಟ್‌ಅಪ್ ಮಾಡುವುದು ಸಾಧ್ಯವೇ? (ಮೈಸೂರು)

ಉತ್ತರ: ಸಾಧ್ಯ, ಆದರೆ ಯಾವ ವಸ್ತುವಿಗೆ ಎಂಬುದನ್ನು ನೋಡಬೇಕು. ಹೊಸ ಔಷಧಕ್ಕೆ ಹತ್ತು ವರ್ಷವೂ ನೂರಾರು ಕೋಟಿಯೂ ಬೇಕಾಗಬಹುದು. ರೋಗಪತ್ತೆಯ ಕಿಟ್, ಗಾಯಕ್ಕೆ ಹಾಕುವ ವಸ್ತು, ಬಟ್ಟೆ, ಲೇಪನ ಇಂಥವುಗಳಿಗೆ ಅಷ್ಟು ಬೇಡ. ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್ ನೀಡುವ ಬಿಗ್ ಅನುದಾನದಲ್ಲಿ 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿವರೆಗೆ ದೊರೆಯುತ್ತದೆ, ಸ್ಟಾರ್ಟ್‌ಅಪ್‌ಗಳಿಗೆ ಆಸರೆ ಕೊಡುವ ಬೆಂಗಳೂರಿನ ಸಿ-ಕ್ಯಾಂಪ್ ಕೇಂದ್ರದ ಮೂಲಕವೂ ಅರ್ಜಿ ಹಾಕಬಹುದು. ಆ ಹಣದಲ್ಲಿ ಕಲ್ಪನೆ ನಿಲ್ಲುತ್ತದೋ ಇಲ್ಲವೋ ಎಂದು ನೋಡಬಹುದು, ಸಂಸಾರ ನಡೆಸಲಾಗದು.

ಔಷಧವನ್ನೇ ಹಿಡಿಯುವುದಾದರೆ ಮೊದಲು ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿ. ಆಸ್ಟ್ರಾಜೆನೆಕಾ ಕಂಪನಿ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು 2014ರಲ್ಲಿ ಮುಚ್ಚಿದಾಗ ಅಲ್ಲಿದ್ದ ಹಲವರಿಗೆ ಪೆಟ್ಟಾಯಿತು. ಆದರೆ ಅವರಲ್ಲಿ ಕೆಲವರು ಬಗ್‌ವರ್ಕ್ಸ್‌ನಂಥ ಕಂಪನಿ ಕಟ್ಟಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಕೆಲಸ ಮುಂದುವರಿಸಿದರು. ಆ ಕೇಂದ್ರದಲ್ಲಿ ಕ್ಷಯರೋಗಕ್ಕಾಗಿ ಹುಟ್ಟಿದ ಅಜಇಂಡೋಲ್ ವರ್ಗದ ಅಣುವೊಂದು ಕೇಂದ್ರ ಮುಚ್ಚಿದ ಮೇಲೂ ಬೇರೆಯವರ ಕೈಯಲ್ಲಿ ಮನುಷ್ಯರ ಮೇಲಿನ ಪ್ರಯೋಗದ ಹಂತವನ್ನು ತಲುಪಿತು. ಅಂಥ ಜಾಗದಲ್ಲಿ ಹತ್ತು ವರ್ಷ ಕಲಿತವರ ಬಳಿ ಕಂಪನಿ ಕಟ್ಟಲು ಬೇಕಾದ ಸರಕು ಇರುತ್ತದೆ.

ಪ್ರಶ್ನೆ: ಜರ್ಮನಿಯಲ್ಲಿ ಕೆಮಿಕಲ್ ಬಯಾಲಜಿಯಲ್ಲಿ ಪೋಸ್ಟ್‌ಡಾಕ್ ಆಗಿದ್ದೇನೆ. ಊರಿಗೆ ಮರಳುವ ಯೋಚನೆ ಇದೆ. ಎಲ್ಲಿಂದ ಆರಂಭಿಸಲಿ? (ಹೈಡಲ್‌ಬರ್ಗ್)

ಉತ್ತರ: ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್, ಇನ್‌ಸ್ಪೈರ್ ಫ್ಯಾಕಲ್ಟಿ, ಇಂಡಿಯಾ ಅಲಯನ್ಸ್ ಫೆಲೋಶಿಪ್ ಈ ಮೂರನ್ನೂ ನೋಡಿ, ಆಯಾ ವರ್ಷದ ಪ್ರಕಟಣೆಯಲ್ಲಿ ವಯಸ್ಸು ಮತ್ತು ಅನುಭವದ ಷರತ್ತುಗಳನ್ನು ಓದಿಕೊಳ್ಳಿ. ಅರ್ಜಿಗೆ ಮುಂಚೆ ಇಲ್ಲಿನ ವೈದ್ಯರೊಬ್ಬರೊಡನೆ ಮಾತು ಆರಂಭಿಸಿ. ಅಲ್ಲಿ ಮಾಡಿದ್ದನ್ನೇ ಇಲ್ಲಿ ಮುಂದುವರಿಸುತ್ತೇನೆಂಬ ಪ್ರಸ್ತಾವಕ್ಕಿಂತ, ಹಾವು ಕಡಿತ, ಕೀಟನಾಶಕ ವಿಷ, ಔಷಧಕ್ಕೆ ಬಗ್ಗದ ಕ್ಷಯ ಇಂಥ ಇಲ್ಲಿನ ವಾರ್ಡುಗಳಲ್ಲಿ ದಿನವೂ ಕಾಣುವ ತೊಂದರೆಯೊಂದಕ್ಕೆ ನಿಮ್ಮ ರಾಸಾಯನಿಕ ಉಪಕರಣವನ್ನು ಹೊಂದಿಸಿದ ಪ್ರಸ್ತಾವ ಗಟ್ಟಿಯಾಗಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲೇ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಯನ್ನು ಕಟ್ಟುತ್ತಿದೆ, ಅದಕ್ಕೆ 2022ರಲ್ಲಿ 425 ಕೋಟಿ ರೂಪಾಯಿಯ ಖಾಸಗಿ ದೇಣಿಗೆ ಘೋಷಣೆಯಾಯಿತು; ಅಲ್ಲಿನ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿಡಿ. ಇನ್ನೊಂದು ಪ್ರಾಯೋಗಿಕ ಮಾತು: ನಿಮಗೆ ಬೇಕಾದ ರಾಸಾಯನಿಕಗಳು ಇಲ್ಲಿ ಕೈಗೆ ಬರಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಆದ್ದರಿಂದ ಮೊದಲ ವರ್ಷದ ಯೋಜನೆಯನ್ನು ಇಲ್ಲಿಯೇ ಸಿಗುವ ಅಥವಾ ನೀವೇ ತಯಾರಿಸಿಕೊಳ್ಳಬಹುದಾದ ವಸ್ತುಗಳ ಮೇಲೆ ನಿಲ್ಲಿಸಿ.